ದಣಿಯದ ತಕರಾರು

"ಇದು ಒಂದ್ ದಿವಸ ನಿಂತ್ರ?" ಎಂದು ಆರು ವರ್ಷದ ಚಾರ್ವಿ ಕೇಳಿದಾಗ, "ನಾ ಇರೂತನಕ ನಿಲ್ಲಾಕ ಬಿಡಂಗಿಲ್ಲ" ಎಂದು ಅವಳ ತಾಯಿ ಪ್ರಮೀಳಾ ಬಡಿಗೇರ ಮಾತು ಕೊಟ್ಟಿದ್ದಳು. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಕೋಣೆಯಲ್ಲಿ, ಮಗಳ ಕಿವಿಯ ಹಿಂದೆ ಕೂರಿಸಿದ ಯಂತ್ರಕ್ಕೆ ಅಂದು ಮೊದಲ ಬಾರಿ ಜೀವ ಬಂದಿತ್ತು. ತಲೆಯ ಮೇಲಿನ ಫ್ಯಾನಿನ ಸದ್ದಿಗೆ ಹುಡುಗಿ ಬೆದರಿ ತಾಯಿಯ ಸೆರಗಿನೊಳಗೆ ಮುಖ ತೂರಿಸಿದ್ದಳು. ಸ್ವಲ್ಪ ಹೊತ್ತಿಗೆ ಮುಖ ಹೊರತೆಗೆದು, ಫ್ಯಾನನ್ನೇ ನೋಡುತ್ತ ನಕ್ಕಿದ್ದಳು. ಆಮೇಲೆ ಕೇಳಿದ ಮೊದಲ ಪ್ರಶ್ನೆಯೇ ಅದು.

ಯಂತ್ರದ ಹೆಸರು ಶ್ರವಣಿ. ಅದರ ಹೊರಗಿನ ತುಣುಕು ಸದ್ದನ್ನು ಹಿಡಿದು ವಿದ್ಯುತ್ ಮಿಡಿತಗಳನ್ನಾಗಿ ಬದಲಿಸುತ್ತಿತ್ತು. ಚರ್ಮದ ಕೆಳಗಿದ್ದ ಒಳತುಣುಕು ಆ ಮಿಡಿತಗಳನ್ನು ಕೂದಲೆಳೆಯಂಥ ತಂತಿಯ ಮೂಲಕ ಒಳಕಿವಿಯ ಶಂಖಕ್ಕೆ, ಅಲ್ಲಿಂದ ನರಕ್ಕೆ ದಾಟಿಸುತ್ತಿತ್ತು. ಮಿದುಳು ಜ್ವರ ಚಾರ್ವಿಯ ಕೇಳುವ ಶಕ್ತಿಯನ್ನು ಕಿತ್ತುಕೊಂಡು ಸುಮ್ಮನಾಗಿರಲಿಲ್ಲ, ಆ ಶಂಖದೊಳಗೆ ಎಲುಬು ಬೆಳೆಯುವಂತೆಯೂ ಮಾಡಿತ್ತು. ಎಡಗಡೆ ಆಗಲೇ ಮುಚ್ಚಿಹೋಗಿತ್ತು. ಬಲಗಡೆ ತಂತಿ ತೂರಿಸಲು ಉಳಿದಿದ್ದ ಸಂದಿಯೂ ಅಷ್ಟಕ್ಕಷ್ಟೇ. ಈ ತಂತಿಯನ್ನು ತೆಗೆದರೆ ಇನ್ನೊಂದು ಹೋಗುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಿಬಿಟ್ಟಿದ್ದರು.

ಶ್ರವಣಿ ಮಾಡುತ್ತಿದ್ದ ಕಂಪನಿ ಕೆಲವು ವರ್ಷಗಳಲ್ಲಿ ಬಾಗಿಲು ಹಾಕಿತು. ಹೋಗುವಾಗ ಯಂತ್ರವನ್ನು ನಡೆಸುವ ಕ್ರಮವಿಧಿಗಳನ್ನೆಲ್ಲ, ಅಂದರೆ ಅದರ ಸಾಫ್ಟ್‌ವೇರನ್ನು, ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಊರೂರಿನ ಎಂಜಿನಿಯರುಗಳು, ಯಂತ್ರ ಹಾಕಿಸಿಕೊಂಡವರು, ಅವರ ತಾಯಿತಂದೆಗಳು ಸೇರಿ ಅಂತರ್ಜಾಲದಲ್ಲಿ ಒಂದು ಬಳಗ ಕಟ್ಟಿಕೊಂಡು ಅದನ್ನು ನೋಡಿಕೊಳ್ಳತೊಡಗಿದರು. ಕೇಶ್ವಾಪುರದಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದ ಪ್ರಮೀಳಾಗೆ ಕ್ರಮವಿಧಿಯ ಒಂದು ಸಾಲೂ ತಿಳಿಯದು. ಆದರೂ ಹೊಸ ಪರಿಷ್ಕರಣೆ ಬಂದಾಗಲೆಲ್ಲ ಮಗಳ ಕಿವಿಗೆ ಹಾಕಿ, ಒಲೆಯ ಮುಂದೆ, ಬಸ್ಸಿನಲ್ಲಿ, ಮದುವೆಮನೆಯ ಗದ್ದಲದಲ್ಲಿ ಹೇಗೆ ಕೇಳುತ್ತದೆಂದು ಬಳಗಕ್ಕೆ ಬರೆದು ತಿಳಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಹಿಟ್ಟಿನ ಕೈ ಒರೆಸಿಕೊಂಡು ಬರೆಯುತ್ತಿದ್ದಳು.

ಬಳಗಕ್ಕೆ ಒಂದು ಕಟ್ಟಳೆ ಇತ್ತು. ಹಿರಿಯ ಸದಸ್ಯರಲ್ಲಿ ಒಬ್ಬರ ತಕರಾರು ಬಾಕಿ ಇದ್ದರೂ ಪರಿಷ್ಕರಣೆಗೆ ಒಪ್ಪಿಗೆಯ ಮುದ್ರೆ ಬೀಳುವಂತಿಲ್ಲ. ಮುದ್ರೆ ಇಲ್ಲದ್ದನ್ನು ಯಂತ್ರ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಜನರ ತಲೆಯೊಳಗೆ ಕೂತಿರುವ ಯಂತ್ರ, ಒಬ್ಬರಿಗೆ ಅನುಮಾನ ಬಂದರೂ ನಿಲ್ಲಿಸಬೇಕು. ಕಟ್ಟಳೆ ಸರಿಯಾಗಿಯೇ ಇತ್ತು.

ಜಗಳ ಇದ್ದದ್ದು ಬೇರೆ ಕಡೆ. ಯಾವ ಗಣಕಕ್ಕಾದರೂ ಎಲ್ಲಕ್ಕಿಂತ ಮೊದಲು ಎದ್ದು ಕೂತು, ಉಳಿದ ಕೆಲಸಗಳಿಗೆ ಜಾಗ ಹಂಚಿಕೊಡುವ ಒಂದು ಕಾರ್ಯಾಚರಣ ವ್ಯವಸ್ಥೆ ಬೇಕು. ಶ್ರವಣಿ ನಡೆಯುತ್ತಿದ್ದದ್ದು 'ನೆಲೆ' ಎಂಬ ಹಳೆಯ ವ್ಯವಸ್ಥೆಯ ಮೇಲೆ. ಅದನ್ನು ಕೈಬಿಟ್ಟು 'ಹರಿವು' ಎಂಬ ಹೊಸದಕ್ಕೆ ಹೋಗೋಣ ಎನ್ನುವವರು ಕೆಲವರು, ಸತ್ತರೂ ಆಗದು ಎನ್ನುವವರು ಕೆಲವರು. ಹರಿವಿನವರೆಂದರೆ ಅಂಗಡಿಯ ಬೊಂಬೆ ನೋಡಿ ಬಟ್ಟೆ ಕೊಳ್ಳುವವರು ಎಂದು ನೆಲೆಯವರು ಆಡಿಕೊಂಡರೆ, ಅಜ್ಜನ ಹಲ್ಲಿನ ಸೆಟ್ಟು ಹಾಕಿಕೊಂಡು ಕಬ್ಬು ಸಿಗಿಯುವವರು ಎಂದು ಹರಿವಿನವರು ತಿರುಗಿಸಿ ಕೊಡುತ್ತಿದ್ದರು. ಹರಿವಿನ ಕಡೆಯ ಮುಂದಾಳು ಧಾರವಾಡದ ಡಾ. ನೀಲಕಂಠ ಮುಳಗುಂದ. ಗಣಕ ವಿಜ್ಞಾನಿ, ಮಹಾ ಮೊನಚು ಮಾತಿನವರು. ಅವರ ಒಂದು ಸಾಲು ಓದಿ ನೆಲೆಯವನೊಬ್ಬ ವಾರಗಟ್ಟಲೆ ಬಳಗದ ಕಡೆ ತಲೆಹಾಕಿರಲಿಲ್ಲವಂತೆ.

ಆದರೂ ಆ ದಿನಗಳಲ್ಲಿ ವಾದಗಳು ಮುಗಿಯುತ್ತಿದ್ದವು. ಯಾರದೋ ಮನೆಯಲ್ಲಿ ಹಾಲು ಉಕ್ಕುತ್ತಿತ್ತು. ಯಾರದೋ ಮಗುವಿಗೆ ಜ್ವರ ಬರುತ್ತಿತ್ತು. ಇನ್ಯಾರಿಗೋ ಬೀಗರು ಬಂದು ಕೂರುತ್ತಿದ್ದರು. "ಸಾಕಾತು ಮಾರಾಯಾ, ನಿನ್ನ ಮಾತ ಖರೆ, ಹಾಕ್ಕೋ" ಎಂದು ಬರೆದು ಎದ್ದುಹೋಗುತ್ತಿದ್ದರು. ತಕರಾರು ಬಿದ್ದುಹೋಗುತ್ತಿತ್ತು, ಮುದ್ರೆ ಬೀಳುತ್ತಿತ್ತು. ಒಪ್ಪಿಗೆ ಎಂದು ಎಲ್ಲರೂ ಕರೆಯುತ್ತಿದ್ದ ಆ ವಸ್ತುವಿನಲ್ಲಿ ಮುಕ್ಕಾಲು ಪಾಲು ದಣಿವೇ ಇತ್ತೆಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ಹೊಳೆಯದೆ ಹೋದವರಲ್ಲಿ ಮುಳಗುಂದರೂ ಒಬ್ಬರು. ವಾದದ ಹುಚ್ಚಿನಲ್ಲಿ ಅವರು ಮಗಳ ಮದುವೆಯ ಅಕ್ಷತೆಯ ಹೊತ್ತಿಗೂ ಮೊಬೈಲಿನಲ್ಲಿ ಯಾರಿಗೋ ಉತ್ತರ ಬರೆಯುತ್ತಿದ್ದರು. ಹೆಂಡತಿ ಗೌರಕ್ಕ ಅಂದಿನಿಂದ ಅವರೊಡನೆ ಮಾತು ಬಿಟ್ಟರು. ಆ ಪೆಟ್ಟು ತಿಂದ ಮೇಲೆ ಮುಳಗುಂದರು ವಾದದೂತವನ್ನು ಕಂಡುಹಿಡಿದರು. ಒಬ್ಬ ಮನುಷ್ಯ ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಓದಿ, ಅವನ ನಿಲುವು, ವ್ಯಂಗ್ಯ, ಸಿಟ್ಟು, ಎಲ್ಲವನ್ನೂ ಕಲಿತು, ಅವನ ಪರವಾಗಿ ಅವನ ದನಿಯಲ್ಲೇ ವಾದಿಸುವ ಯಂತ್ರಬುದ್ಧಿ ಅದು. ದೂತಕ್ಕೆ ಅಪ್ಪಣೆ ಕೊಡುತ್ತಿರುವವನು ಅದರ ಒಡೆಯನೇ ಹೌದೋ ಎಂದು ಗುರುತಿಸಲು 'ನುಡಿಚಹರೆ' ಎಂಬ ವಿಧಾನ ಮಾಡಿದರು. ಗುಪ್ತಪದವನ್ನು ಕದಿಯಬಹುದು, ಬರೆಯುವ ಬಗೆಯನ್ನು ಕದಿಯಲಾಗದು ಎಂಬುದು ಅವರ ಎಣಿಕೆ. ಎದುರಾಳಿಯ ದೂತವನ್ನು ಯಾರೋ ಕಿಡಿಗೇಡಿಗಳು ಕೆಡವಿ ಗೆದ್ದರೆ ಎಂಬ ಭಯಕ್ಕೆ ಇನ್ನೊಂದು ಕಾವಲನ್ನೂ ಇಟ್ಟರು. ದೂತ ಆರಿಹೋದರೆ ಅದರ ಕೊನೆಯ ಮಾತೇ ಸ್ಥಿರವಾಗಿ ನಿಲ್ಲುತ್ತದೆ.

ಮನೆಮನೆಯಲ್ಲಿ ಹಬ್ಬವಾಯಿತು. ಗಂಡಸರು ಊಟಕ್ಕೆ ಬಂದು ಕೂತರು. ವಾದಿಸುವ ಹೆಂಗಸರೂ ಇದ್ದರು, ಅವರೂ ನಿದ್ದೆ ಮಾಡಿದರು. ಗೌರಕ್ಕ ಗಂಡನೊಡನೆ ಮಾತಾಡತೊಡಗಿದರು. ಬಳಗದ ಹಿರಿಯರೆಲ್ಲ ಒಬ್ಬೊಬ್ಬರಾಗಿ ದೂತಗಳನ್ನು ಕೂರಿಸಿ ಕೈತೊಳೆದುಕೊಂಡಾಗ ಪ್ರಮೀಳಾಗೂ ಹಗುರೆನಿಸಿತ್ತು. ಜಗಳಗಂಟರು ಹೋದರು, ಇನ್ನು ಕೆಲಸ ಸಾಗುತ್ತದೆ ಅಂದುಕೊಂಡಿದ್ದಳು.

ಚಾರ್ವಿಗೆ ಹತ್ತೊಂಬತ್ತು ತುಂಬಿದ ವರ್ಷ ಶ್ರವಣಿಯ ಆಯುಷ್ಯದ ಸಂಗತಿ ಬೆಳಕಿಗೆ ಬಂತು. ಕಂಪನಿ ಪ್ರತಿ ಯಂತ್ರದ ಒಳತುಣುಕಿನಲ್ಲೂ ಒಂದು 'ಭರವಸೆ ಗಡುವು' ಇಟ್ಟಿತ್ತು. ಹಳೆಯ ಯಂತ್ರಗಳು ಕೆಟ್ಟು ನರಕ್ಕೆ ಅಪಾಯ ಮಾಡದಿರಲಿ ಎಂದು, ಗಡುವು ಮುಗಿದ ದಿನ ಯಂತ್ರ ತಾನಾಗಿಯೇ ಆರಿಹೋಗುವ ಏರ್ಪಾಡು. ಚಾರ್ವಿಯ ಯಂತ್ರಕ್ಕೆ ಉಳಿದಿದ್ದದ್ದು ಕೆಲವೇ ವಾರ. ಗಡುವನ್ನು ಮುಂದೂಡಲು ಸಣ್ಣದೊಂದು ತಿದ್ದುಪಡಿ ಸಾಕಿತ್ತು. ಬಳಗದ ಹುಡುಗಿಯೊಬ್ಬಳು ಅದನ್ನು ಬರೆದೂ ಇಟ್ಟಳು.

ಮುಳಗುಂದರ ದೂತ ತಕರಾರು ಹಾಕಿತು. ನೆಲೆಯ ಮೇಲೆ ಹಾಕುವ ಪ್ರತಿ ತೇಪೆಯೂ ಅದರ ಸಾವನ್ನು ಮುಂದೂಡುತ್ತದೆ, ಎಲ್ಲವನ್ನೂ ಹರಿವಿಗೆ ಸಾಗಿಸಿಯೇ ಗಡುವು ತಿದ್ದಬೇಕು ಎಂದಿತು. ನೆಲೆಯ ಕಡೆಯ ದೂತಗಳು ಮೇಲೆ ಬಿದ್ದವು. ಚಹಾ ಕುಡಿದು ಬರುವಷ್ಟರಲ್ಲಿ ಅವು ಬರೆದದ್ದನ್ನು ಓದಲು ಒಬ್ಬ ಮನುಷ್ಯನಿಗೆ ತಿಂಗಳು ಬೇಕಿತ್ತು. ಪ್ರಮೀಳಾ ನಡುವೆ ನುಗ್ಗಿ, ನನ್ನ ಮಗಳಿಗೆ ಇನ್ನೊಂದು ಯಂತ್ರ ಹಾಕಲು ಬರುವುದಿಲ್ಲ, ದಯವಿಟ್ಟು ಇದೊಂದು ಸಲ ಬಿಡಿ ಎಂದು ಬರೆದಳು. ಮುಳಗುಂದರ ದೂತದ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು: "ತಾಯಿಯ ಕಣ್ಣೀರಿನ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಯಾವ ವ್ಯವಸ್ಥೆಯ ಮೇಲೂ ಚಾಲನೆಯಾಗುವುದಿಲ್ಲ."

ಅವಳು ಧಾರವಾಡದ ಬಸ್ಸು ಹತ್ತಿದಳು.

ಮುಳಗುಂದರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಮೆತ್ತಗಿನ ಮುದುಕ. ಇವರೇ ಆ ಸಾಲುಗಳನ್ನು ಬರೆದವರೆಂದರೆ ನಂಬುವುದು ಕಷ್ಟವಾಗಿತ್ತು. ಬಂದ ಕಾರಣವನ್ನು ಪ್ರಮೀಳಾ ಹೇಳಿ ಮುಗಿಸುವ ತನಕ ಅವರು ಸುಲಿಯುವುದನ್ನು ನಿಲ್ಲಿಸಿ ಕೇಳಿದರು.

"ಇನ್ನೂ ನಡದೈತೇನ ತಂಗಿ ಅದು?" ಎಂದರು. "ನಾ ಅದನ್ನ ಕೂಡಿಸಿ ಎದ್ದು ಬಂದವ ಹೊಳ್ಳಿ ನೋಡೇ ಇಲ್ಲ."

"ನಡದೈತ್ರಿ ಸರ್. ನಿಮ್ಮ ಹೆಸರಿಲೇ ನಡದೈತಿ."

"ನೆಲಿ ಆದರೇನು, ಹರಿವಾದರೇನು. ಆ ಹುಡುಗಿ ಕಿವಿ ಕೇಳಿದ್ರ ಸಾಕು. ನಡೀರಿ, ತಕರಾರು ತಗದುಬಿಡೂನು. ಎಷ್ಟೊತ್ತಿನ ಕೆಲಸ."

ಗೌರಕ್ಕ ಅವಳನ್ನು ಒಳಗೆ ಕರೆದು, ಒತ್ತಾಯ ಮಾಡಿ ಅವಲಕ್ಕಿ ಕೊಟ್ಟರು. ಬಹಳ ದಿನಗಳ ಮೇಲೆ ಪ್ರಮೀಳಾಗೆ ಹಸಿವು ಎನಿಸಿತು.

ಮುಳಗುಂದರು ಧೂಳು ಒರೆಸಿ ಗಣಕ ತೆರೆದರು. ತಕರಾರನ್ನು ಹಿಂತೆಗೆದುಕೊಳ್ಳುತ್ತೇನೆ, ಒಂದು ಮಗುವಿನ ಕಿವಿಗಿಂತ ಇದು ದೊಡ್ಡದಲ್ಲ ಎಂದು ಬರೆದರು. ಅವರ ದೂತ ತಡೆಯಿತು. ಈ ಬರಹದ ನುಡಿಚಹರೆ ಡಾ. ಮುಳಗುಂದ ಅವರದಲ್ಲ, ಅವರು ಇಷ್ಟು ಸುಲಭವಾಗಿ ಯಾವ ವಾದವನ್ನೂ ಬಿಟ್ಟುಕೊಟ್ಟ ದಾಖಲೆ ಇಲ್ಲ, ಬೇರೆ ಯಾರೋ ಅವರ ಗಣಕದ ಮುಂದೆ ಕೂತಿರುವಂತಿದೆ ಎಂದಿತು.

ಮುದುಕರು ನಕ್ಕರು. "ಹಳೇ ಮುಳಗುಂದನ ಗತೆ ಬರೀಬೇಕಂತ. ತಡೀರಿ." ಅವರು ಬೈದು ಬರೆದರು. ಪ್ರಮೀಳಾ ಅವರ ಹಳೆಯ ಬರಹಗಳಿಂದ ಚುಚ್ಚುಮಾತುಗಳನ್ನು ಹುಡುಕಿ ಓದಿ ಹೇಳಿದಳು. ಆಗ ಚಹರೆ ಹೊಂದತೊಡಗಿತು. ಆದರೆ ಬೈಗುಳದ ಕೊನೆಗೆ ತಕರಾರು ಬಿಡುವ ಮಾತು ಬಂದ ಕೂಡಲೇ ಅದು ಮತ್ತೆ ಕಳಚಿಬಿತ್ತು. ಅವರು ಅವರಂತೆ ಬರೆದರೆ ವಾದ ಬಿಡುವಂತಿಲ್ಲ. ವಾದ ಬಿಟ್ಟರೆ ಅವರು ಅವರಲ್ಲ.

"ಅದನ್ನ ಬಂದ್ ಮಾಡ್ರಿ ಸರ್."

"ಬಂದ್ ಮಾಡಿದ್ರ ತಕರಾರು ಕಾಯಂ ಆಗ್ತೈತಿ ತಂಗಿ. ಆ ಕಾವಲಾ ನಾನ ಹಾಕೀನಿ." ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಮನಷ್ಯಾ ಬದಲಾಗ್ತಾನ ಅನ್ನೂದು ನನ್ನ ಲೆಕ್ಕಕ್ಕ ಬರ್ಲಿಲ್ಲ ನೋಡ್ರಿ."

"ಹಂಗಾರ ವಾದದಾಗ ಸೋಲಿಸ್ರಿ ಅದನ್ನ. ಸೋತ್ರ ಒಪ್ತೈತಲ್ಲ?"

ಒಪ್ಪಬೇಕು ಎಂದರು. ಹಾಗೆ ಮಾಡಿಟ್ಟಿದ್ದರು.

ಅವರು ತಮ್ಮ ಹೆಸರನ್ನು ಬಿಟ್ಟು, ಯಾರೋ ಹೊಸಬರಂತೆ ವಾದಕ್ಕೆ ಕೂತರು. ಮೊದಮೊದಲು ಬರೆದದ್ದೆಲ್ಲ ಚಾರ್ವಿಯ ವಿಷಯ. ದೂತ ಒಂದು ಹಳೆಯ ದೋಷವನ್ನು ಎತ್ತಿತು. ಅದಕ್ಕೆ ಉತ್ತರ ಕೊಡಲು ಅವರು ನೆಲೆಯ ಗುಣ ಹೇಳಬೇಕಾಯಿತು. ದೂತ ಹರಿವಿನ ಗುಣ ಹೇಳಿತು. ಅದು ಅವರದೇ ಹಳೆಯ ವಾಕ್ಯ, ಅದರಲ್ಲಿ ಬಿರುಕು ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು, ಅಲ್ಲಿಗೇ ಹೊಡೆದರು. ಅದು ಬಿರುಕನ್ನು ಮುಚ್ಚಿಕೊಂಡು ಬೇರೆ ದಿಕ್ಕಿನಿಂದ ಬಂತು. "ಅಬ್ಬಬ್ಬಾ, ಮಗನ" ಎಂದು ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಪ್ರಮೀಳಾ ನೋಡುತ್ತಿದ್ದಳು. ಮುದುಕರ ಬೆನ್ನು ನೆಟ್ಟಗಾಯಿತು. ಬೆರಳು ಚುರುಕಾದವು. ಹಣೆಯ ಮೇಲೆ ಒಂದು ಹೊಳಪು ಬಂತು. ಚಾರ್ವಿಯ ಹೆಸರು ಪರದೆಯ ಮೇಲಕ್ಕೆ ಸರಿದು ಕಾಣದಾಗಿತ್ತು. ಅವಳು ಒಮ್ಮೆ ಸರ್ ಎಂದು ಕರೆದಳು. ಅವರು ಎಡಗೈ ಎತ್ತಿ ತಡೆ ಎಂದರು. ಗೌರಕ್ಕ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತವರು ಒಳಗೆ ಬರಲಿಲ್ಲ. "ಚಹಾ ಆರತೈತಿ" ಎಂದರು. ಕಪ್ಪನ್ನು ಹಾಗೆಯೇ ವಾಪಸು ಒಯ್ದರು.

ಹೊರಗೆ ಬಿಸಿಲು ಇಳಿಯುತ್ತ ಬಂದಾಗ ಮುಳಗುಂದರು ಕುರ್ಚಿಗೆ ಒರಗಿದರು. ಮುಖದಲ್ಲಿ ಒಂದು ಬಗೆಯ ತೃಪ್ತಿ ಇತ್ತು.

"ಒಂದ್ ಮಾತಿನ್ಯಾಗ ಅದು ಹೇಳೂದು ಖರೆ ಐತಿ ತಂಗಿ" ಎಂದರು. "ನೆಲಿ ಮ್ಯಾಲ ತ್ಯಾಪಿ ಹಚಗೋತ ಹೋಗೂದು ಶಾಣ್ಯಾತನ ಅಲ್ಲ. ಇದನ್ನ ಪೂರಾ ವಿಚಾರ ಮಾಡಬೇಕು. ಇನ್ನೊಂದ್ ನಾಕ್ ದಿನ ಕೊಡ್ರಿ."

ಪ್ರಮೀಳಾಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲಿ ಎಂದು ಕಾದಳು, ಅದಕ್ಕೂ ಶಕ್ತಿ ಉಳಿದಿರಲಿಲ್ಲ. ನಮಸ್ಕಾರ ಹೇಳಿ ಎದ್ದಳು. ಗೌರಕ್ಕ ಗೇಟಿನ ತನಕ ಬಂದು ಅವಳ ಕೈ ಹಿಡಿದುಕೊಂಡರು. "ಎಷ್ಟ ಕಷ್ಟಪಟ್ಟು ಎಬ್ಬಿಸಿದ್ದೆ ಅವರನ್ನ ಅಲ್ಲಿಂದ" ಎಂದರು.

ಉಳಿದ ದಿನಗಳಲ್ಲಿ ಪ್ರಮೀಳಾ ಮಾಡದ್ದಿಲ್ಲ. ಕಟ್ಟಳೆಯನ್ನಾದರೂ ಸಡಿಲಿಸಿ ಎಂದು ಬಳಗದ ಇತರ ಹಿರಿಯರನ್ನು ಹುಡುಕಿ ಫೋನು ಮಾಡಿದಳು. ಅಯ್ಯೋ ಪಾಪ ಎನ್ನದವರಿಲ್ಲ, ಎಲ್ಲರೂ ಒಪ್ಪಿದರು, ಎಲ್ಲರೂ ತಮ್ಮ ತಮ್ಮ ದೂತಗಳ ಮುಂದೆ ಅಪರಿಚಿತರಾಗಿ ನಿಂತರು. ಕೆಲವರು ಅಲ್ಲೇ ವಾದಕ್ಕೆ ಕೂತುಬಿಟ್ಟರೆಂದು ಆಮೇಲೆ ತಿಳಿಯಿತು. ವೈದ್ಯರು ತಂತಿಯ ಚಿತ್ರವನ್ನು ಮತ್ತೆ ತೆಗೆದು ನೋಡಿ, ಮೊದಲು ಹೇಳಿದ್ದನ್ನೇ ಹೇಳಿದರು. ಚಾರ್ವಿ ಬೆರಳ ಸನ್ನೆಯ ಭಾಷೆ ಕಲಿಸುವ ಶಾಲೆಗೆ ತಾನಾಗಿಯೇ ಹೆಸರು ಕೊಟ್ಟು ಬಂದಳು. ತಾಯಿಗೆ ಅದನ್ನು ಊಟಕ್ಕೆ ಕೂತಾಗ, ಪಲ್ಯ ಬಡಿಸಿಕೊಳ್ಳುತ್ತ ಹೇಳಿದಳು.

ಗಡುವಿನ ದಿನ ಇಬ್ಬರೂ ಕೇಂದ್ರದ ಹಿಂದಿನ ಕೋಣೆಯಲ್ಲಿ ಜೋಳದ ಚೀಲಗಳ ಮೇಲೆ ಕೂತರು. ಮಧ್ಯಾಹ್ನದ ಹೊತ್ತು. ಹೊರಗೆ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು.

"ಏನರ ಮಾತಾಡ ಯವ್ವಾ" ಎಂದಳು ಚಾರ್ವಿ.

ದೊಡ್ಡದೇನಾದರೂ ಹೇಳಬೇಕೆಂದು ಪ್ರಮೀಳಾ ವಾರದಿಂದ ಯೋಚಿಸಿಟ್ಟಿದ್ದಳು. ಆ ಕ್ಷಣ ಒಂದೂ ನೆನಪಾಗಲಿಲ್ಲ. "ಸಂಜೀಕ ಬದನಿಕಾಯಿ ತರಬೇಕು" ಎಂದಳು. "ಮುಳ್ಳಗಾಯಿ. ನೀ ಮೊನ್ನೆ ತಂದಿದ್ದು ಹುಳಕ ಇದ್ದವು."

"ಎರಡ ಹುಳಕ ಇದ್ದವು. ಊರೆಲ್ಲ ಹೇಳಕೊಂತ ಅಡ್ಡಾಡ್ತಿ."

"ಎಣಿಸೀದ್ಯೇನ ನೀ? ಆರಸಾಕ ಬರಂಗಿಲ್ಲ ನಿನಗ. ತೊಟ್ಟು ನೋಡಬೇಕು ಮೊದಲ. ತೊಟ್ಟು ಹಸರ ಇದ್ರ..."

ಚಾರ್ವಿ ನಗುತ್ತಿದ್ದಳು. ನಗು ಹಾಗೆಯೇ ಮುಖದ ಮೇಲೆ ಉಳಿಯಿತು. ಕಿವಿಯ ಹಿಂದಿನ ಪುಟ್ಟ ದೀಪ ಆರಿತ್ತು. ಪ್ರಮೀಳಾ ತೊಟ್ಟಿನ ವಿಷಯವನ್ನು ಹೇಳುತ್ತಲೇ ಇದ್ದಳು, ನಿಲ್ಲಿಸಲು ಧೈರ್ಯ ಬರಲಿಲ್ಲ.

"ಇನ್ನೂ ಮಾತಾಡಾಕತ್ತಿಯೇನ ಯವ್ವಾ?" ಎಂದಳು ಮಗಳು, ಬೇಕಾದ್ದಕ್ಕಿಂತ ಗಟ್ಟಿಯಾಗಿ. ಹೊರಗೆ ರೊಟ್ಟಿ ಬಡಿಯುವ ಕೈಗಳು ಒಂದು ಕ್ಷಣ ತಡೆದವು.

ಬಳಗದಲ್ಲಿ ಅಂದು ಸಂಜೆ ಈ ಸ್ಥಿತಿಗೆ ನೆಲೆ ಕಾರಣವೋ ಹರಿವು ಕಾರಣವೋ ಎಂಬ ಹೊಸ ವಾದ ಶುರುವಾಗಿತ್ತು. ಮುಳಗುಂದರು ಅದರಲ್ಲಿದ್ದರು. ಅವರ ದೂತವೂ ಇತ್ತು.

ಪ್ರಮೀಳಾ ಮಗಳಿಗೆ ಕೊಟ್ಟ ಮಾತು ಉಳಿಯಲಿಲ್ಲ.