ಬೇಡವೆಂದರೆ ಬಾತುಕೋಳಿ

ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲದಲ್ಲಿ ಹಾಲುಮಂಟಿ ಎಂಬ ರಾಜ್ಯವಿತ್ತು. ಅಲ್ಲಿಯ ಜನ ಮರ್ಯಾದೆಗೆ ಹೆಸರಾದವರು. ಯಾರ ಮನೆಗೆ ಹೋದರೂ, ಹಸಿವಿನಿಂದ ಕಣ್ಣು ಕತ್ತಲೆ ಬರುತ್ತಿದ್ದರೂ, ಊಟಕ್ಕೆ ಕರೆದರೆ "ಅಯ್ಯೋ ಬೇಡ, ಈಗತಾನೇ ಆಯ್ತು" ಎನ್ನುತ್ತಿದ್ದರು. ಮನೆಯವರು ಮತ್ತೆ ಕರೆಯಬೇಕು, ಇವರು ಮತ್ತೆ ಬೇಡ ಎನ್ನಬೇಕು. ಮೂರನೆಯ ಸಲ ಕೈ ಹಿಡಿದು ಎಳೆದ ಮೇಲೆ ಎಲೆಯ ಮುಂದೆ ಕೂತು ಎಲ್ಲರಿಗಿಂತ ಹೆಚ್ಚು ತಿನ್ನಬೇಕು. ಅದು ಪದ್ಧತಿ.

ಆ ರಾಜ್ಯದ ರಾಜಕುಮಾರ ವಿಜಯಕೀರ್ತಿಗೆ ಒಮ್ಮೆ ಪರದೇಶ ನೋಡುವ ಆಸೆಯಾಯಿತು. ಏಳು ಗುಡ್ಡಗಳ ಆಚೆ ಒಮ್ಮಾತಿನ ದೇಶ, ಅದನ್ನು ಆಳುವವನು ಬಿರುಗಣ್ಣನೆಂಬ ಮಾಯಾವಿ. ರಾಜಕುಮಾರ ಪೇಟಗಳಿಗೊಂದು ಗಾಡಿ ಕಟ್ಟಿಸಿದ, ಹಾಸಿಗೆಗೊಂದು ಗಾಡಿ ಕಟ್ಟಿಸಿದ, ಕನ್ನಡಿಗೊಂದು ಗಾಡಿ ಕಟ್ಟಿಸಿದ. ಆ ದೇಶದ ರೀತಿನೀತಿ ಏನು ಎಂದು ಮಾತ್ರ ಯಾರನ್ನೂ ಕೇಳಲಿಲ್ಲ. ತಲೆಯ ಮೇಲೆ ಸತ್ತಿಗೆ ಹಿಡಿಯಲು ಬೋರಲಿಂಗನನ್ನೂ, ಕುದುರೆ ನೋಡಿಕೊಳ್ಳಲು ಗಿಡ್ಡಪ್ಪನನ್ನೂ, ಇನ್ನೂ ಬೇಕಾದಷ್ಟು ಆಳುಗಳನ್ನೂ ಕರೆದುಕೊಂಡು ಹೊರಟ.

ಬಹಳ ಕಾಲವಾದ ಮೇಲೆ ಗಿಡ್ಡಪ್ಪ ಒಬ್ಬನೇ ವಾಪಸು ಬಂದ. ಹೋಗುವಾಗ ಇದ್ದದ್ದಕ್ಕಿಂತ ದಪ್ಪಗಾಗಿದ್ದ. ಬೋರಲಿಂಗನ ಹೆಂಡತಿ ಪುಟ್ಟೀರಮ್ಮ ಕೂಸನ್ನು ಸೊಂಟಕ್ಕೇರಿಸಿಕೊಂಡು ಓಡಿಬಂದು, "ನಮ್ಮನೆಯವರೆಲ್ಲಿ?" ಎಂದು ಕೇಳಿದಳು.

"ಬಾತುಕೋಳಿ ಆಗವ್ರೆ ಕಣಕ್ಕ," ಎಂದ ಗಿಡ್ಡಪ್ಪ.

"ಸರಿಯಾಗಿ ಹೇಳು."

"ಸರಿಯಾಗೇ ಹೇಳ್ತಿವ್ನಿ. ಆ ದೇಶದಲ್ಲಿ ಯಾವುದನ್ನೇ ಆಗಲಿ ಒಂದೇ ಸಲ ಬೇಕಾ ಅಂತ ಕೇಳೋದು. ಅವರಾಗಿ ಕೇಳಿದ್ದಕ್ಕೆ ಬೇಕು ಅಂದ್ರೆ ಕೊಡಲೇಬೇಕು. ಬೇಡ ಅಂದ್ರೆ ಅದು ಜನ್ಮಕ್ಕೂ ಸಿಗಲ್ಲ. ಬಿರುಗಣ್ಣ ಅನ್ನ ಬೇಕಾ ಅಂದ. ನಮ್ಮ ಯುವರಾಜರು ನಾಚಿಕೊಂಡು, ಅಯ್ಯೋ ಬೇಡ ಬೇಡ, ಹೊಟ್ಟೆ ತುಂಬಿದೆ ಅಂದ್ರು. ಯಜಮಾನರೇ ಬೇಡ ಅಂದ ಮೇಲೆ ಆಳುಗಳು ಬೇಕು ಅನ್ನೋಕಾಗ್ತದಾ? ಎಲ್ಲರೂ ಬೇಡ ಅಂದ್ರು. ಮನುಷ್ಯರ ಊಟ ಬೇಡದವರು ಕೆರೆಯ ಹುಳ ಹೆಕ್ಕಲಿ ಅಂದ ಬಿರುಗಣ್ಣ. ಅಷ್ಟೇ, ರೆಕ್ಕೆ ಬಂತು."

"ನೀನ್ಯಾಕೆ ಆಗಲಿಲ್ಲ?"

"ನಂಗೆ ಮೊದಲಿಂದ್ಲೂ ಮರ್ಯಾದೆ ಇಲ್ವಲ್ಲಕ್ಕ. ಬೇಕು ಅಂದೆ, ತಿಂದೆ, ಕುದುರೆ ಬೇಕಾ ಅಂದಾಗ ಅದನ್ನೂ ಬೇಕು ಅಂದು ಬಂದೆ. ಈ ಹುಣ್ಣಿಮೆಗೆ ಅವನ ಹುಟ್ಟುಹಬ್ಬ. ಬಾತುಕೋಳಿ ಸಾರು ಅಂತೆ."

ಅರಮನೆಯಲ್ಲಿ ಸಭೆ ಸೇರಿತು. ಯಾರು ಹೋಗುವುದು ಎಂದು ಮಹಾರಾಜರು ಕೇಳಿದರು. ಮಂತ್ರಿ ಸೇನಾಪತಿಗೆ "ತಾವು ಹೋಗಬೇಕು" ಎಂದ. ಸೇನಾಪತಿ "ಛೆ, ತಮ್ಮಂಥ ಹಿರಿಯರಿರುವಾಗ ನಾನೇ?" ಎಂದ. ಹೀಗೆ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಾ ಕೂತಿದ್ದಾಗ ಚಂದ್ರ ಅರ್ಧಕ್ಕಿಂತ ದೊಡ್ಡವನಾದ. ಪುಟ್ಟೀರಮ್ಮ ಆ ಸಭೆಗೊಂದು ನಮಸ್ಕಾರ ಹಾಕಿ ತಾನೇ ಹೊರಟಳು.

ಒಂದು ಪುಟ್ಟ ಗಂಟು ಕಟ್ಟಿದಳು. ಪ್ರಯಾಣದಲ್ಲಿ ಕೈ ಖಾಲಿ ಇರಬೇಕು, ಒಂದು ಕೈ ಕೂಸಿಗೆ, ಇನ್ನೊಂದು ಜಗಳಕ್ಕೆ ಎಂಬುದು ಅವಳ ಲೆಕ್ಕ. ಅತ್ತೆ ಸಣ್ಣತಾಯಮ್ಮ ಬಾಗಿಲಿಗೆ ಬಂದು ಬುದ್ಧಿ ಹೇಳಿದರು. "ಹೋದ ಕಡೆ ಕೊಟ್ಟ ತಕ್ಷಣ ಕೈ ಚಾಚಬೇಡ ಕಣೆ. ನಿಂಗೆ ಆ ಅಭ್ಯಾಸ ಇದೆ. ಮನೆ ಮಾನ ಹೋಗುತ್ತೆ."

"ಮಾನ ಕಾಪಾಡಿದ್ದಕ್ಕೇ ಅಲ್ವಾ ಅತ್ತೆ, ನಿಮ್ಮ ಮಗ ಕೆರೆಯಲ್ಲಿ ತೇಲ್ತಿರೋದು?"

ಏಳು ಗುಡ್ಡ ಹತ್ತಿದಳು, ಏಳು ಗುಡ್ಡ ಇಳಿದಳು. ಗಡಿಯಲ್ಲಿ ಆನೆಯಷ್ಟು ದೊಡ್ಡ ಬೆಕ್ಕು ಕೂತಿತ್ತು. "ಬಿಸಿಲಲ್ಲಿ ಬಂದಿದ್ದೀಯ. ನೀರು ಬೇಕೆ?" ಎಂದಿತು.

ಅತ್ತೆ ಕಲಿಸಿದ 'ಬೇಡ' ನಾಲಿಗೆಯ ತುದಿಗೆ ಬಂದು ನಿಂತಿತು. ಪುಟ್ಟೀರಮ್ಮ ಅದನ್ನು ನುಂಗಿಕೊಂಡು, "ಬೇಕು. ಚೊಂಬಿನ ತುಂಬಾ ಬೇಕು. ಕೂಸಿಗೆ ಹಾಲೂ ಬೇಕು," ಎಂದಳು.

"ಹಾಲು ಬೇಕಾ ಅಂತ ನಾನು ಕೇಳಲೇ ಇಲ್ಲ," ಎಂದಿತು ಬೆಕ್ಕು, ತನ್ನ ಬಟ್ಟಲನ್ನು ಹಿಂದಕ್ಕೆ ಸರಿಸಿಕೊಂಡು. ಆದರೆ ನೀರು ಕೊಡಲೇಬೇಕಾಯಿತು, ದಾರಿಯನ್ನೂ ಬಿಟ್ಟಿತು.

ಮುಂದೆ ಒಂದು ಹೊಳೆ. ಹೊಳೆಯಲ್ಲಿ ಮಾತಾಡುವ ಮೊಸಳೆ. "ಬೆನ್ನ ಮೇಲೆ ಕೂರಿಸಿಕೊಂಡು ದಾಟಿಸಲೆ?" ಎಂದಿತು.

"ದಾಟಿಸು," ಎಂದು ಪುಟ್ಟೀರಮ್ಮ ಹತ್ತಿ ಕೂತಳು.

ಮೊಸಳೆ ಗೊಣಗಿತು. "ನಿಮ್ಮ ಕಡೆಯವರೆಲ್ಲ ನಿಮಗ್ಯಾಕೆ ತೊಂದರೆ ಅಂತಿದ್ದರು. ಬೇಡ ಅಂದವರನ್ನು ಈಜುವಾಗ ನಾನು ತಿನ್ನಬಹುದು. ಅವರು ಗಾಡಿಯಲ್ಲೇ ದಾಟಿ ತಪ್ಪಿಸಿಕೊಂಡರು, ನೀನು ಹತ್ತಿಯೇಬಿಟ್ಟೆ."

"ನಂಗೇನೂ ತೊಂದರೆ ಇಲ್ಲ. ಕುಲುಕದೆ ಹೋಗು, ಕೂಸು ಮಲಗಿದೆ."

ಮೂರನೆಯದು ಬಿರುಗಣ್ಣನ ಅರಮನೆ. ಅವಳು ಹೋಗಿದ್ದು ಹುಣ್ಣಿಮೆಯ ದಿನವೇ. ಅಂಗಳದಲ್ಲಿ ದೊಡ್ಡ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಪಕ್ಕದಲ್ಲಿ ಬಾತುಕೋಳಿಗಳ ಹಿಂಡು. ಒಂದು ಬಾತುಕೋಳಿ ಪೇಟ ಕಟ್ಟಿದಂತೆ ಕತ್ತು ನಿಗುರಿಸಿತ್ತು. ಅದರ ಹಿಂದೆ ಇನ್ನೊಂದು, ಒಂದು ರೆಕ್ಕೆಯನ್ನು ಅದರ ತಲೆಯ ಮೇಲೆ ಹಿಡಿದು ನಿಂತಿತ್ತು. ಪುಟ್ಟೀರಮ್ಮನಿಗೆ ತನ್ನ ಗಂಡನ ಗುರುತು ಸಿಕ್ಕಿತು.

"ನನ್ನ ಗಂಡ ಬೇಕು," ಎಂದಳು.

"ಗಂಡ ಬೇಕಾ ಅಂತ ನಾನು ಕೇಳಿಲ್ಲ," ಎಂದ ಬಿರುಗಣ್ಣ. ಅವನ ಕಣ್ಣುಗಳು ಎರಡು ತಟ್ಟೆಯಷ್ಟಿದ್ದವು. "ಊಟ ಬೇಕಾ?"

"ಬೇಕು." ಉಂಡಳು. ಕೂಸಿಗೂ ತಿನ್ನಿಸಿದಳು.

ಬಿರುಗಣ್ಣನಿಗೆ ಸಿಟ್ಟು ಬಂತು. ಗಡ್ಡ ನೀವಿಕೊಂಡು, ಬೆಣ್ಣೆಯಂಥ ದನಿಯಲ್ಲಿ ಕೇಳಿದ. "ಅತ್ತೆಯೇ ಇಲ್ಲದ ಮನೆ ಬೇಕಾ? ಹತ್ತು ಆಳು, ಹನ್ನೆರಡು ಕೋಣೆ, ಇಲ್ಲೇ ಇರಬಹುದು."

ಪುಟ್ಟೀರಮ್ಮ ಅಲುಗಾಡದೆ ನಿಂತಳು. ಬೇಕೆಂದರೆ ಇಲ್ಲೇ ಉಳಿಯಬೇಕು, ಗಂಡ ಸಾರಾಗುತ್ತಾನೆ. ಬೇಡವೆಂದರೆ ಅತ್ತೆಯಿಲ್ಲದ ಮನೆ ಈ ಜನ್ಮಕ್ಕಿಲ್ಲ. ಹಂಡೆಯ ಕಡೆ ನೋಡಿದಳು, ಬಾತುಕೋಳಿಯ ಕಡೆ ನೋಡಿದಳು, ಆಕಾಶದ ಕಡೆ ನೋಡಿದಳು.

"ಬೇಡ," ಎಂದಳು. ಸೊಂಟದ ಮೇಲಿದ್ದ ಕೂಸಿಗೂ ಕೇಳಿಸದಷ್ಟು ಮೆಲ್ಲಗೆ ಎಂದಳು. ನಮ್ಮ ಕಡೆಯಾಗಿದ್ದರೆ ಇನ್ನೆರಡು ಸಲವಾದರೂ ಕೇಳುತ್ತಿದ್ದರು. ಬಿರುಗಣ್ಣ ಕೇಳಲಿಲ್ಲ.

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ಈ ದೇಶದಲ್ಲಿ ಯಾರೂ ಎರಡನೆಯ ಸಲ ಕೇಳುವುದಿಲ್ಲ. ಹಾಗಾದರೆ ಎರಡನೆಯ ಸಲ ಕೇಳಿಸಿಕೊಂಡು ಇವನಿಗೆ ಅಭ್ಯಾಸವೇ ಇಲ್ಲ.

"ಸ್ವಾಮಿ, ಹುಟ್ಟುಹಬ್ಬಕ್ಕೆ ನಾನು ಹೋಳಿಗೆ ಮಾಡಿ ಬಡಿಸ್ತೀನಿ. ಬೇಕಾ?"

ಬೇಡವೆಂದರೆ ಹೋಳಿಗೆ ಜನ್ಮಕ್ಕಿಲ್ಲ. ಅದೇನೆಂದೇ ಬಿರುಗಣ್ಣನಿಗೆ ಗೊತ್ತಿರಲಿಲ್ಲ. "ಬೇಕು," ಎಂದ.

ಪುಟ್ಟೀರಮ್ಮ ಸೆರಗು ಕಟ್ಟಿದಳು. ಬೇಳೆ ಬೇಯಿಸಿ ಹೂರಣ ರುಬ್ಬಿದಳು, ಕಣಕ ನಾದಿದಳು, ಹೋಳಿಗೆ ಬೇಯಿಸಿದಳು. ಎಲೆ ಹಾಕಿ, ತುಪ್ಪ ಸುರಿದು ಬಡಿಸಿದಳು. ಬಿರುಗಣ್ಣ ಒಂದು ತುತ್ತು ಇಟ್ಟು ಕಣ್ಣು ಮುಚ್ಚಿದ. ಅಷ್ಟು ರುಚಿಯಾದದ್ದನ್ನು ಅವನು ಜನ್ಮದಲ್ಲಿ ತಿಂದಿರಲಿಲ್ಲ.

"ಇನ್ನೊಂದು ಬೇಕಾ?"

"ಬೇಕು."

"ಇನ್ನೊಂದು?"

"ಬೇಕು."

"ಇನ್ನೊಂದೇ ಒಂದು?"

ಹೊಟ್ಟೆ ತುಂಬಿತ್ತು. ಆದರೆ ಬೇಡವೆಂದರೆ ಹೋಳಿಗೆಯ ಋಣವೇ ಹರಿದುಹೋಗುತ್ತದೆ. "ಬೇಕು," ಎಂದು ನರಳಿದ. ಬಾಯಿ ಮುಚ್ಚಿ ಕೂತು ನೋಡಿದ. "ನಮ್ಮ ಕಡೆ ಸುಮ್ಮನಿದ್ದರೆ ಹಾಕು ಅಂತ," ಎಂದು ಪುಟ್ಟೀರಮ್ಮ ಎರಡು ಹಾಕಿದಳು. ಎಲೆಯ ಮೇಲೆ ಅಂಗೈ ಅಡ್ಡ ಹಿಡಿದ. "ಸಂಕೋಚ ಬೇಡಿ," ಎಂದು ಅಂಗೈ ಮೇಲೇ ಹಾಕಿ ತುಪ್ಪ ಬಿಟ್ಟಳು. ಎದ್ದು ಓಡಲು ನೋಡಿದ. ಹೊಟ್ಟೆ ಏಳಗೊಡಲಿಲ್ಲ.

"ಏನು ಸ್ವಾಮಿ, ಏನೂ ತಿನ್ನಲೇ ಇಲ್ಲ. ನಮ್ಮೂರಲ್ಲಿ ಎಳೆ ಮಕ್ಕಳೂ ಇದಕ್ಕಿಂತ ಜಾಸ್ತಿ ತಿಂತಾವೆ. ನನ್ನ ಮೇಲೆ ಆಣೆ, ಒಂದೇ ಒಂದು."

"ಸಾಕು ತಾಯಿ," ಎಂದು ಬಿರುಗಣ್ಣ ಕೈ ಮುಗಿದ. "ನನಗೆ ಇನ್ನೇನೂ ಬೇಡ."

ಅವನ ದೇಶದ ಕಾನೂನು ಅವನಿಗೂ ಒಂದೇ. ಏನೂ ಬೇಡವೆಂದವನಿಗೆ ಏನೂ ಉಳಿಯಲಿಲ್ಲ. ಅರಮನೆ ಹೋಯಿತು, ಸಿಂಹಾಸನ ಹೋಯಿತು, ಹಂಡೆ ಹೋಯಿತು, ಮಂತ್ರವೂ ಹೋಯಿತು. ಉಟ್ಟ ಪಂಚೆ ಜಾರುವಷ್ಟರಲ್ಲಿ ಅದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡು, ತೇಗುತ್ತಾ ಕಾಡಿನ ಕಡೆ ಹೊರಟುಹೋದ. ಗಡಿಯ ಬೆಕ್ಕು ಬೆಕ್ಕಿನಷ್ಟೇ ಆಯಿತು. ಮೊಸಳೆಗೆ ಮಾತು ನಿಂತಿತು.

ಬಾತುಕೋಳಿಗಳೆಲ್ಲ ಮನುಷ್ಯರಾದವು. ರಾಜಕುಮಾರ ಮೊದಲು ಕನ್ನಡಿ ಎಲ್ಲಿ ಎಂದು ಹುಡುಕಿದ. ಬೋರಲಿಂಗ ಹೆಂಡತಿಯ ಮುಂದೆ ಬಂದು, ಕಿವಿಗೆ ಸಿಕ್ಕಿದ್ದ ಗರಿಯನ್ನು ಕಿತ್ತುಹಾಕಿ ನಿಂತ.

"ಯಾಕಿಷ್ಟು ತಡ ಮಾಡಿದೆ?" ಎಂದ.

"ಮನೇಲಿ ಮೂರು ಮುದ್ದೆ ಮುರಿಯೋ ಗಂಡಸು ಅನ್ನ ಬೇಡ ಅಂದಿದ್ದೀರಿ ಅಂದ್ರೆ ಯಾರು ನಂಬ್ತಾರೆ?"

ಬೋರಲಿಂಗ ಕೂಸಿನ ಕಡೆ ತಿರುಗಿದ. ಕೂಸು ಅವನನ್ನು ಗುರುತು ಹಿಡಿಯದೆ ಅಮ್ಮನ ಹೆಗಲಿಗೆ ಮುಖ ಒತ್ತಿಕೊಂಡಿತ್ತು. ಅವನು ಕೈ ಚಾಚಿ ಕಾಯುತ್ತಾ ನಿಂತ. ಬಹಳ ಹೊತ್ತಾದ ಮೇಲೆ ಕೂಸು ಒಂದು ಬೆರಳನ್ನು ಹಿಡಿದುಕೊಂಡಿತು. ಏಳು ಗುಡ್ಡ ದಾಟುವವರೆಗೂ ಬಿಡಲಿಲ್ಲ.

ಆಮೇಲೆ ಹಾಲುಮಂಟಿಯಿಂದ ಪರದೇಶಕ್ಕೆ ಹೊರಡುವವರೆಲ್ಲ ಮೊದಲು ಪುಟ್ಟೀರಮ್ಮನ ಜಗುಲಿಗೆ ಬರತೊಡಗಿದರು. "ಗಂಟು ಚಿಕ್ಕದಿರಲಿ," ಎನ್ನುತ್ತಿದ್ದಳು ಅವಳು. "ಅಲ್ಲಿಯವರು ಹೇಗೆ ಕೂರ್ತಾರೆ ನೋಡಿ ಕೂರಿ. ಹೋಗಿ ಬಂದವರನ್ನ ಕೇಳಿ ಹೊರಡಿ. ಹಸಿವಾದ್ರೆ ಹಸಿವು ಅನ್ನಿ." ಒಳಗಿನಿಂದ ಸಣ್ಣತಾಯಮ್ಮ, "ಹಾಗಲ್ಲ ಕಣ್ರಪ್ಪ, ಇವಳ ಮಾತು ಕೇಳಬೇಡಿ," ಎನ್ನುತ್ತಿದ್ದರು.

ಹಾಲುಮಂಟಿಯ ಜನ ಹೊಟ್ಟೆ ತುಂಬಾ ಉಂಡು, ಬಾಯಿ ತುಂಬಾ ಜಗಳವಾಡಿ, ಸುಖವಾಗಿ ಬಾಳಿದರು. ಅತ್ತೆ ಎಲ್ಲರಿಗಿಂತ ಹೆಚ್ಚು ಕಾಲ ಬಾಳಿದರು.