ಕಲಿಸದೆ ಬಿಟ್ಟ ಅಧ್ಯಾಯ

ಕಲಿಯಲು ಬಂದವರ ವಯಸ್ಸನ್ನು ಕೇಳದ ತಾಯಿ ಶಾರದೆಗೆ ಮೊದಲ ನಮಸ್ಕಾರ. ಅಕ್ಷರದ ಒಡತಿಯೂ ಅದನ್ನು ಬಚ್ಚಿಟ್ಟವನ ಮನಸ್ಸಿಗೆ ಸಾಕ್ಷಿಯೂ ಆದ ಆ ದೇವಿ, ಪ್ರೀತಿಯ ಹೆಸರಿನಲ್ಲಿ ನಡೆದ ಈ ಕ್ರೌರ್ಯವನ್ನು ಇದ್ದಂತೆಯೇ ಹೇಳುವ ಶಕ್ತಿಯನ್ನು ನನಗೆ ಕರುಣಿಸಲಿ.

ಶಹಾಪುರದ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಿದ್ದ ದಾನೇಶ್ವರಿಗೆ ಮೂವತ್ತು ವರ್ಷ. ಬಿ.ಎಸ್ಸಿ. ಎರಡನೆಯ ವರ್ಷ ಮುಗಿಸಿದ್ದಾಗ, ಮದುವೆ ಗೊತ್ತಾಯಿತೆಂದು ಮನೆಯವರು ಓದು ಬಿಡಿಸಿದ್ದರು. ಮುಂದೆ ಗಂಡಿನ ಕಡೆಯವರು ಮಾತು ಮುರಿದರು. ಒಂಬತ್ತು ವರ್ಷ ಕಳೆದ ಮೇಲೆ ಅವಳಿಗೆ ಈಗೊಂದು ಅವಕಾಶ ಒದಗಿತ್ತು: ಗಣಿತದ ಅರ್ಹತಾ ಪರೀಕ್ಷೆಯಲ್ಲಿ ನೂರಕ್ಕೆ ಐವತ್ತು ಬಂದರೆ ಕಲಬುರಗಿಯ ಕಾಲೇಜಿನಲ್ಲಿ ನೇರ ಮೂರನೆಯ ವರ್ಷಕ್ಕೆ ಪ್ರವೇಶ, ತಪ್ಪಿದರೆ ಓದಿದ ಎರಡು ವರ್ಷವೂ ಲೆಕ್ಕಕ್ಕಿಲ್ಲ. ಮರಳಿ ಅವಕಾಶವಿರಲಿಲ್ಲ.

ಗಣಿತವೆಲ್ಲ ಮರೆತುಹೋಗಿತ್ತು. ಆದ್ದರಿಂದ ಪ್ರತಿ ಭಾನುವಾರ ಬಸ್ಸು ಹಿಡಿದು ಸುರಪುರಕ್ಕೆ ಬಂದು, ಹೈಸ್ಕೂಲಿನ ಗಣಿತ ಮಾಸ್ತರ ಪರಮಣ್ಣನ ಮುಂದೆ, ಒಂಬತ್ತನೆಯ ತರಗತಿಯ ಮಕ್ಕಳ ಬೆಂಚಿನಲ್ಲಿ ಕೂಡತೊಡಗಿದಳು. ಜೊತೆಗೆ ಬರುತ್ತಿದ್ದ ಅವ್ವನ ತಂಗಿ, ಚಿಗವ್ವ ದೇವಕಮ್ಮ ಬಾಗಿಲ ಬಳಿ ಶೇಂಗಾ ಸುಲಿಯುತ್ತ ಕಾವಲಿರುತ್ತಿದ್ದಳು.

"ಬೆಂಚ್ ಸಣ್ಣದಾತೇನ್ರಿ?" ಮೊದಲ ದಿನ ಪರಮಣ್ಣ ಕೇಳಿದ.

"ಬೆಂಚ್ ಹಂಗೇ ಅದರಿ ಸರ್. ನಾನೇ ತಡಾ ಮಾಡಿ ಬಂದೀನಿ."

ಅವನು ನಕ್ಕ. ಮೂವತ್ತೈದಾದರೂ ಒಂಟಿಯಾಗಿದ್ದ ಆ ಮಾಸ್ತರನ ಮೀಸೆಯ ಮೇಲೆ ಸೀಮೆಸುಣ್ಣದ ಪುಡಿ ಕೂತಿತ್ತು. ಹೇಳಲೋ ಬೇಡವೋ ಎಂದು ದಾನೇಶ್ವರಿ ತುಟಿ ಬಿಗಿಹಿಡಿದಳು. ಅವಳ ನೋಟ ಎಲ್ಲಿ ನಿಂತಿದೆ ಎಂದು ತಿಳಿದೊಡನೆ ಅವನ ಕೈ ಮೀಸೆಗೆ ಹೋಯಿತು. ಪುಡಿ ಇನ್ನಷ್ಟು ಹರಡಿತು.

"ಇಬ್ಬರೂ ನಕ್ಕೋತ ಕುಂತ್ರ ಲೆಕ್ಕ ನಾನು ಮಾಡ್ಲೇನು?" ಎಂದಳು ದೇವಕಮ್ಮ.

ಬೀಜಗಣಿತ ಮುಗಿಯಿತು, ತ್ರಿಕೋನಮಿತಿ ಮುಗಿಯಿತು, ಪಿಯುಸಿ ಪಾಠಗಳು ಬಂದವು. ಅವಳು ಉತ್ತರ ಬರೆದು ತಲೆಯೆತ್ತಿದಾಗಲೆಲ್ಲ ಅವನ ಕಣ್ಣು ಪುಸ್ತಕದ ಮೇಲಿರುತ್ತಿರಲಿಲ್ಲ. ಅವಳು ತಪ್ಪು ಮಾಡಿದರೆ ಅವನು ಪೆನ್ಸಿಲ್ ಕೇಳುವನು. ಕೊಡುವಾಗ ಅವಳ ಬೆರಳು ಒಂದು ಗಳಿಗೆ ತಡವಾಗಿ ಬಿಡುವುದು.

ಒಂದು ಭಾನುವಾರ ಅವಳು ಹಿಗ್ಗಿನಿಂದ ಹೇಳಿದಳು: "ಸರ್, ಕಲಬುರಗಿಯೊಳಗ ಹಾಸ್ಟೆಲ್ ನೋಡಿ ಬಂದೆ. ಕಿಟಕಿ ಪಕ್ಕದ ಖೋಲಿ ಸಿಗತದಂತ."

"ಇನ್ನ ಪರೀಕ್ಷಾನೇ ಆಗಿಲ್ಲ, ಗಂಟು ಕಟ್ಟಾಕತ್ತೀರಲ್ರಿ."

"ನೀವು ಕಲಸೀರಿ. ಪಾಸಾಗದಂಗ ಇರತೀನೇನ್ರಿ?"

ಆ ದಿನ ಪರಮಣ್ಣ ಪಠ್ಯಪಟ್ಟಿಯನ್ನು ಮುಂದಿಟ್ಟುಕೊಂಡು ಕೆಂಪು ಪೆನ್ನು ಕೈಗೆತ್ತಿಕೊಂಡ. ಪರೀಕ್ಷೆಗೆ ಬಾರದ ಪಾಠಕ್ಕೆ ಕೆಂಪು ಗೆರೆ ಎಳೆಯುವುದು ಅವನ ರೂಢಿ. ಸುರಪುರದ ಮಕ್ಕಳೆಲ್ಲ ಆ ಗೆರೆಯನ್ನು ಕಣ್ಣುಮುಚ್ಚಿ ನಂಬುತ್ತಿದ್ದರು. ಅವನು 'ಅನುಕಲನ' ಎಂಬ ದೊಡ್ಡ ಅಧ್ಯಾಯದ ಮೇಲೆ ಕೆಂಪು ಗೆರೆ ಎಳೆದ.

"ಇದನ್ನ ಬಿಡ್ರಿ. ಬರಂಗಿಲ್ಲ."

"ಇಷ್ಟು ದೊಡ್ಡ ಪಾಠ?"

"ಬರಂಗಿಲ್ಲಂದ್ನಲ್ರಿ."

ಅವಳು ಪುಟ ಮಗುಚಿದಳು.

ಪರೀಕ್ಷೆಯಲ್ಲಿ ಆ ಒಂದು ಅಧ್ಯಾಯದಿಂದ ಬಂದುದು ಮೂವತ್ತು ಅಂಕ. ದಾನೇಶ್ವರಿಗೆ ನಲವತ್ಮೂರು ಬಂದಿತು.

ಫಲಿತಾಂಶ ತಿಳಿದ ಮರುದಿನ, ಅವಳು ಚಿಗವ್ವನೊಡನೆ ಶಾಲೆಗೆ ಬಂದಾಗ ಅವಳ ಕಣ್ಣು ಊದಿತ್ತು. ಬಾಗಿಲಲ್ಲೇ ದೇವಕಮ್ಮ ಸಿಡಿದಳು: "ಏನ್ ಮಾಸ್ತರ ಇದ್ದೀಯಪಾ ನೀನು! ನನ್ನ ಮಗಳ ಜಲ್ಮ ಹಾಳಾತು!"

"ಸುಮ್ಮನಿರು ಚಿಗವ್ವ," ದಾನೇಶ್ವರಿ ತಡೆದಳು. "ಪಾಪ, ಸರ್‌ಗೇನು ಗೊತ್ತಿತ್ತು? ಊರಿನ ಮಕ್ಕಳಿಗೆಲ್ಲ ಹೇಳಿದಂಗ ನಂಗೂ ಹೇಳ್ಯಾರ. ಯಾರರ ತಪ್ಪತಾರ." ಆಮೇಲೆ ಅವನತ್ತ ತಿರುಗಿದಳು. "ನೀವು ಊಟಾ ಬಿಟ್ಟು ಕುಂದರಬ್ಯಾಡ್ರಿ, ಸರ್."

ಆ ಕರುಣೆಯ ನೆರಳಿನಲ್ಲಿ ಅವನು ಜೀವಮಾನವಿಡೀ ಅಡಗಿರಬಹುದಿತ್ತು. ಆದರೆ ತಾನು ಕೆಡಿಸಿದವಳೇ ತನ್ನನ್ನು ಸಂತೈಸುವುದನ್ನು ಅವನ ಎದೆ ತಾಳಲಿಲ್ಲ.

"ಬರತದಂತ ನಂಗ ಗೊತ್ತಿತ್ತು," ಎಂದ.

"ಏನು?"

"ಬೇಕಂತನೇ ಗೆರಿ ಎಳದೆ. ನೀವು ಕಲಬುರಗಿಗೆ ಹೋದ್ರ ಮತ್ತ ಈ ಕಡಿ ಹೊಳ್ಳಿ ನೋಡಂಗಿಲ್ಲ ಅನಸ್ತು. ನಿಮ್ಮನ್ನ ಬಿಟ್ಟಿರೂದು ಆಗಲಿಲ್ಲ, ದಾನೇಶ್ವರಿ."

ಮೊದಲ ಸಲ ಅವಳ ಹೆಸರು ಅವನ ಬಾಯಿಂದ ಬಂದಿತ್ತು. ಅದನ್ನು ಕೇಳಲು ಅವಳು ಎಷ್ಟು ಭಾನುವಾರ ಕಾದಿದ್ದಳೋ! ದೇವಕಮ್ಮನ ಕೈ ಬಾಯಿಗೆ ಹೋಯಿತು. ದಾನೇಶ್ವರಿ ಗೋಡೆಗೆ ಒರಗಿ ನಿಂತಳು, ಅಳಲಿಲ್ಲ. ಆಮೇಲೆ ಹೋಗಿ ಬೆಂಚಿನಲ್ಲಿ ಕುಳಿತಳು.

"ಆ ಪಾಠ ಈಗ ಹೇಳ್ರಿ."

ಆರು ಭಾನುವಾರ ಅವನು ಅನುಕಲನವನ್ನು ಕಲಿಸಿದ. ಆರು ಭಾನುವಾರವೂ ಅವಳು ಲೆಕ್ಕದ ಹೊರತು ಒಂದು ಮಾತೂ ಆಡಲಿಲ್ಲ. "ಮನ್ನಸ್ರಿ" ಎಂದರೆ "ಮುಂದಿನ ಲೆಕ್ಕ" ಎನ್ನುವಳು. ಆದರೂ ಅವಳು ಬರುತ್ತಿದ್ದಾಳಲ್ಲ ಎಂದು ಅವನು ಆಸೆಪಟ್ಟ. ಹೊಸ ಅಂಗಿ ಹೊಲಿಸಿದ. ಬಸ್ಸು ತಡವಾದರೆ ರಸ್ತೆಯವರೆಗೆ ಹೋಗಿ ನಿಂತ.

ಆರನೆಯ ವಾರ ಅವಳು ಕೊನೆಯ ಲೆಕ್ಕವನ್ನು ತಾನೇ ಬಿಡಿಸಿ ಪುಸ್ತಕ ಮುಚ್ಚಿದಳು.

"ಮತ್ತ ಮೊದಲನೇ ವರ್ಷಕ್ಕ ಹೆಸರ ಹಚ್ಚೀನ್ರಿ. ಮೂರು ವರ್ಷ. ನಾಳೆ ಹೋಗಾಕತ್ತೇನಿ."

"ನಾನು ಕಾಯತೀನಿ," ಎಂದ ಪರಮಣ್ಣ. "ಮೂರಲ್ಲ, ಮೂವತ್ತು ವರ್ಷ ಆದ್ರೂ."

"ಪಾಸಾದ ದಿನ ನಿಮ್ಮನ್ನ ಮನಿಗೆ ಕರದು, ನಮ್ಮಣ್ಣನ ಮುಂದ ನಮ್ಮಿಬ್ಬರ ಲಗ್ನದ ಮಾತು ಎತ್ತಬೇಕಂತ ಮಾಡಿದ್ದೆ. ಚಿಗವ್ವನ್ನ ಕೇಳ್ರಿ. ಕಲಬುರಗಿಯಿಂದ ಸುರಪುರಕ್ಕ ಶನಿವಾರದ ಬಸ್ ಎಷ್ಟಕ್ಕದ ಅಂತನೂ ಕೇಳಿ ಇಟ್ಟಿದ್ದೆ."

ಬಾಗಿಲಲ್ಲಿದ್ದ ದೇವಕಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಹೌದೆಂಬಂತೆ ತಲೆಯಾಡಿಸಿದಳು.

"ಹಳೇ ಪ್ರಶ್ನೆಪತ್ರಿಕಿ ನಮ್ಮ ಲ್ಯಾಬಿನ ಕಂಪ್ಯೂಟರಿನ್ಯಾಗ ಇದ್ವು," ದಾನೇಶ್ವರಿ ಮೆಲ್ಲಗೆ ಹೇಳಿದಳು. "ಬ್ಯಾರೆ ಯಾರರ ಬರಂಗಿಲ್ಲ ಅಂದಿದ್ರ ತಗದು ನೋಡತಿದ್ದೆ. ನೀವಂದ್ರಿ ಅಂತ ನೋಡಲಿಲ್ಲ."

ಪರಮಣ್ಣ ಅವಳತ್ತ ಕೈ ಚಾಚಿದ. ಆ ಕೈಗೆ ತನ್ನ ಕೈ ಕೊಡದೆ, ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮಂಡಿಯೂರಿ, ವಿದ್ಯೆ ಮುಗಿಸಿ ಹೊರಡುವ ಶಿಷ್ಯೆಯಂತೆ ಅವನ ಪಾದಗಳಿಗೆ ಹಣೆ ಹಚ್ಚಿದಳು.

"ಬ್ಯಾಡ್ರಿ... ಹಿಂಗ ಮಾಡಬ್ಯಾಡ್ರಿ," ಅವನು ಹಿಂದೆ ಸರಿಯಲೆತ್ನಿಸಿದ.

"ಆಶೀರ್ವಾದ ಮಾಡ್ರಿ, ಗುರುಗಳ. ಮಾಡೂತನಕ ಏಳಂಗಿಲ್ಲ."

ಒಮ್ಮೆ ಗುರುವಾಗಿ ಹರಸಿದ ಮೇಲೆ ಆಕೆ ಮಗಳ ಸಮಾನ. ಅದನ್ನು ಇಬ್ಬರೂ ಬಲ್ಲವರೇ. ಅವಳು ಏಳಲಿಲ್ಲ. ಕೊನೆಗೆ, ಬಾಳೆಲ್ಲ ಯಾರ ಕೈ ಹಿಡಿದು ನಡೆಯಬೇಕೆಂದು ಬಯಸಿದ್ದನೋ ಆಕೆಯ ನೆತ್ತಿಯ ಮೇಲೆ ಅವನು ಕೈಯಿಟ್ಟ.

"ಚೆಂದಾಗಿ ಓದು, ಮಗಳ," ಎಂದ.

ದಾನೇಶ್ವರಿ ಎದ್ದು, ಚಿಗವ್ವನ ಕೈ ಹಿಡಿದು, ಬಸ್ ನಿಲ್ದಾಣದ ಕಡೆ ನಡೆದಳು.

ಇದನ್ನು ಕೇಳಿದ ಸರ್ವರಿಗೂ ಮಂಗಳವಾಗಲಿ. ತಡವಾಗಿ ಓದಲು ಕುಳಿತವರಿಗೆ ಏನನ್ನೂ ಮುಚ್ಚಿಡದ ಗುರು ದೊರೆಯಲಿ. ಪ್ರೀತಿಸುವವರಿಗೆ, ಹೋಗಗೊಡುವಷ್ಟು ಧೈರ್ಯವನ್ನು ತಾಯಿ ಶಾರದೆ ದಯಪಾಲಿಸಲಿ.