ವಕೀಲನಿಗೆ ಹೊಲಿದ ಗೌನು

೨೦೦೮ರ ಸೆಪ್ಟೆಂಬರ್ ೯, ಮಂಗಳವಾರ ಬೆಳಿಗ್ಗೆ ಮೆಲ್ಬರ್ನ್ ನಗರದ ಠಾಣೆಗೊಂದು ದೂರು ಬಂತು. ಪ್ರದರ್ಶನದ ಹಾಲ್‌ನಿಂದ ಕರಿ ಗೌನೊಂದು ಕಾಣೆಯಾಗಿದೆ.

ಗೌನು ಡಚ್ ಸರಕಾರದ ನ್ಯಾಯಮಂತ್ರಿ ಬ್ರಾಮ್ ಟೆರ್‌ಸ್ಟೀಗ್ ಅವರದು. ರಾಟರ್‌ಡ್ಯಾಮ್‌ನಲ್ಲಿ ವಕೀಲರಾಗಿದ್ದಾಗ ತೊಟ್ಟದ್ದು. ಬಡಪಾಯಿಗಳ ವಕೀಲ ಮಂತ್ರಿಯಾದ ಕತೆಯನ್ನು ಹೇಳಲು ಅವರ ಆಸ್ಟ್ರೇಲಿಯಾ ಭೇಟಿಗೆಂದೇ ಏರ್ಪಡಿಸಿದ ಆ ಪ್ರದರ್ಶನದಲ್ಲಿ ಗೌನನ್ನು ನಡುವಿನ ಮರದ ಸ್ಟ್ಯಾಂಡಿಗೆ ತೊಡಿಸಿದ್ದರು. ಗುರುವಾರ ಸಿಡ್ನಿಯಲ್ಲಿ ಮಂತ್ರಿಗಳ ಭಾಷಣ. ಪಕ್ಕದಲ್ಲಿ ಗೌನು ಇರಲೇಬೇಕು ಎಂದು ಅವರ ಕಾರ್ಯದರ್ಶಿ ಆಗಲೇ ಎರಡು ಸಲ ಫೋನ್ ಮಾಡಿಯಾಗಿತ್ತು.

ಡಿಟೆಕ್ಟಿವ್ ಸಾರ್ಜೆಂಟ್ ಭುವನ್ ದೂರು ದಾಖಲಿಸಿಕೊಂಡ. ಊರಿನಲ್ಲಾದರೆ ಇದನ್ನೇ ಎಫ್‌ಐಆರ್ ಎನ್ನುತ್ತಾರೆ. ಅವನ ಊರು ಕಾರ್ಕಳ. ಜೊತೆಗೆ ಕಾನ್‌ಸ್ಟೇಬಲ್ ಮೆಗನ್ ಹೊರಟಳು.

ಹಾಲ್‌ನ ಕಾವಲುಗಾರ ತಲೆ ತಗ್ಗಿಸಿ ನಿಂತಿದ್ದ.

"ಕೊನೆಗೆ ನೋಡಿದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ. ಒಬ್ಬರು ಹೆಂಗಸು ಬಂದರು, ಇಂಡಿಯನ್, ವಯಸ್ಸಾದವರು. ಸಿಡ್ನಿಗೆ ಹೋಗುವ ಮೊದಲು ಇಸ್ತ್ರಿ ಆಗಬೇಕು ಅಂದರು."

"ನೀವು?"

"ಬಾಗಿಲು ಹಿಡಿದುಕೊಂಡೆ. ಅವರ ಕೈ ತುಂಬಾ ಗೌನಿತ್ತಲ್ಲ."

ಮೆಗನ್ ನಗು ತಡೆಯಲು ಗೋಡೆ ಕಡೆ ತಿರುಗಿದಳು.

ಸ್ಥಳದ ಪಂಚನಾಮೆಯಂತೆ ಭುವನ್ ಒಂದೊಂದನ್ನೇ ಬರೆದುಕೊಂಡ. ಬೀಗ ಒಡೆದಿಲ್ಲ, ಸ್ಟ್ಯಾಂಡಿನ ಸುತ್ತ ಕಟ್ಟಿದ ಹಗ್ಗ ಕತ್ತರಿಸಿಲ್ಲ. ಖಾಲಿ ಸ್ಟ್ಯಾಂಡಿನ ಬುಡದಲ್ಲಿ ಒಣಗಿದ ಹುಲ್ಲಿನಂಥದ್ದೇನೋ ಬಿದ್ದಿತ್ತು. ಮೆಗನ್ ಅದನ್ನು ಕಸದ ಬುಟ್ಟಿಗೆ ಹಾಕಹೊರಟಳು.

"ತಡಿ. ಅದು ಭತ್ತದ ತೆನೆ."

ಅವನ ಮನೆಯಲ್ಲೂ ಹೊಸ ತೆನೆ ಬಂದರೆ ಅಮ್ಮ ಬಾಗಿಲಿಗೆ, ಫ್ರಿಜ್‌ಗೆ, ಕಾರಿನ ಕನ್ನಡಿಗೆ ಕಟ್ಟುತ್ತಿದ್ದಳು. ಇದು ನಮ್ಮವರದೇ ಕೆಲಸ ಎಂದು ಭುವನ್ ಅಲ್ಲೇ ತೀರ್ಮಾನಿಸಿಬಿಟ್ಟ. ಸಂಜೆಯವರೆಗೆ ಪರಿಚಯದ ತುಳು ಮನೆಗಳಿಗೆಲ್ಲ ಫೋನ್ ಮಾಡಿದ. ಸಿಕ್ಕಿದ್ದು ಎರಡು ಊಟದ ಆಮಂತ್ರಣ ಮಾತ್ರ. ಕೊನೆಗೆ ತಾಯಿ ಪ್ರೇಮಾವತಿಗೆ ಫೋನ್ ಹಚ್ಚಿದ.

"ತೆನೆ ಕಟ್ಟುವುದು ಈಗಲಾ? ಇನ್ನೂ ನವರಾತ್ರಿಯೇ ಬರಲಿಲ್ಲ ಮಾರಾಯ. ಪೊಲೀಸಾದ ಮೇಲೆ ಕ್ಯಾಲೆಂಡರೂ ಮರೆತುಹೋಯಿತಾ?"

"ಮತ್ತೆ ಈ ತೆನೆ ಯಾರದಮ್ಮ?"

"ನಿನ್ನೆ ತಾರೀಕು ಎಂಟಲ್ಲವಾ. ಕ್ರಿಶ್ಚನರ ಮೊಂತಿ ಹಬ್ಬ, ಮೇರಿಯಮ್ಮ ಹುಟ್ಟಿದ ದಿನ. ಇಗರ್ಜಿಯಲ್ಲಿ ಪಾದ್ರಿಗಳು ತೆನೆ ಆಶೀರ್ವಾದ ಮಾಡಿ ಕೊಡುತ್ತಾರೆ. ನಮ್ಮ ಹಿಂದಿನ ಮನೆಯವರು ದುಬೈಯಲ್ಲಿದ್ದ ಮಗನಿಗೂ ಕವರಿನಲ್ಲಿ ಕಾಳು ಹಾಕಿ ಕಳಿಸುತ್ತಿರಲಿಲ್ಲವಾ? ಮನೆಯಲ್ಲಿಲ್ಲದವರಿಗೂ ಪಾಲುಂಟು."

ಬುಧವಾರ ಬೆಳಿಗ್ಗೆ ಭುವನ್, ಇಗರ್ಜಿಯಲ್ಲಿ ಕೊಂಕಣಿ ಪೂಜೆ ಏರ್ಪಡಿಸುವ ಆಲ್ರಾಯ್‌ನನ್ನು ಕಂಡ.

"ಈ ವರ್ಷ ತೆನೆ ಸಿಕ್ಕಿದ್ದೇ ದೊಡ್ಡದು ಸರ್. ಮನೆಗೊಂದೇ ಕೊಟ್ಟೆವು. ಎಲ್ಲರೂ ಮನೆಯ ದೇವರ ಪೀಠ, ಆಲ್ತಾರಿನ ಮುಂದೆ ಇಟ್ಟಿರ್ತಾರೆ."

"ಹೋದದ್ದು ಡಚ್ ಮಂತ್ರಿಯ ಗೌನು, ಹೇಳಿದ್ದು ಇಸ್ತ್ರಿಯ ನೆಪ. ನಿಮ್ಮಲ್ಲಿ ಹೊಲಿಗೆ ಗೊತ್ತಿರುವ, ಹಾಲೆಂಡಿನಲ್ಲಿದ್ದು ಬಂದ ಆಂಟಿ ಯಾರಾದರೂ?"

"ಪಾಯಿಂಟ್ ಕುಕ್‌ನ ಇಡಾ ಆಂಟಿ. ಒಳ್ಳೆಯವರು ಸರ್."

"ಅಲ್ಲ ಎಂದು ನಾನು ಹೇಳಲಿಲ್ಲ."

ಅಲ್ಲಿ ಬಾಗಿಲು ತೆರೆದದ್ದು ಇಡಾ ಅವರ ಮಗಳು ರೋಶೆಲ್. ಭುವನ್ ತನ್ನ ಮತ್ತು ಮೆಗನ್‌ಳ ಹೆಸರು ಹೇಳಿದ. ಒಳಗೆ ಆಲ್ತಾರಿನ ಮೇಲೆ ಮೇರಿಯಮ್ಮ, ಹೂ, ದೀಪ. ತೆನೆ ಇರಲಿಲ್ಲ. ಕಿಟಕಿಯ ಬಳಿ ಕೂತಿದ್ದ ಇಡಾ ಕನ್ನಡಕದ ಮೇಲಿಂದ ನೋಡಿದರು.

"ಎಂತ, ಇಷ್ಟು ಲೇಟ್?"

"ಗೌನು ನೀವೇ ತಂದದ್ದಾ ಆಂಟಿ?"

"ಹೌದು."

"ಯಾಕೆ?"

"ಹೊಲಿದವಳು ನಾನು."

ಅವರ ಗಂಡ ಕಮಿಲ್ಲಸ್ ಹಡಗಿನಲ್ಲಿದ್ದವನು. ಕೆಟ್ಟುಹೋದ ಹಡಗನ್ನು ಸಮುದ್ರಕ್ಕಿಳಿಸುವುದಿಲ್ಲ ಎಂದು ರಾಟರ್‌ಡ್ಯಾಮ್‌ನಲ್ಲಿ ಹಟ ಹಿಡಿದ ಅವನನ್ನೂ ಜೊತೆಯವರನ್ನೂ ಲಾಕಪ್ಪಿಗೆ ಹಾಕಿದಾಗ ಅವರಿಗಾಗಿ ನಿಂತವನು ಟೆರ್‌ಸ್ಟೀಗ್ ಎಂಬ ಹುಡುಗ ವಕೀಲ. ಎರವಲು ಗೌನು ಅವನ ಮೊಣಕಾಲಿಗೇ ಮುಗಿಯುತ್ತಿತ್ತು. ಬಟ್ಟೆ ಅವನು ತಂದ, ಗಂಡನಿಗಾಗಿ ಅಲ್ಲಿಗೆ ಹೋಗಿದ್ದ ಇಡಾ ಹೊಲಿದರು. ಕೇಸು ಗೆದ್ದ. ಅವರಿಗೆಲ್ಲ ಅಲ್ಲೇ ಇರಲು ಪರವಾನಗಿ ಸಿಕ್ಕಿತು, ಅವನಿಗೆ ಹೆಸರು ಸಿಕ್ಕಿತು. ಆ ವರ್ಷದ ಮೊಂತಿ ಹಬ್ಬಕ್ಕೆ ಅವರ ಮನೆಯಲ್ಲೇ ನೆಲಕ್ಕೆ ಕೂತು ಉಂಡಿದ್ದ.

"ಮಂತ್ರಿಯಾದ ಮೇಲೆ ಹೊಸ ಕಾನೂನು ತಂದ. ನಮ್ಮಂಥವರ ಪರವಾನಗಿ ರದ್ದು. ಕೆಳಗೆ ಸಹಿ ಅವನದೇ. ಕಮಿಲ್ಲಸ್‌ಗೆ ಆಗ ಕಿಡ್ನಿ ಹೋಗಿತ್ತು. ಮಂಗಳೂರು ಮುಟ್ಟಿ ಆರು ತಿಂಗಳು ಬದುಕಲಿಲ್ಲ."

ಭುವನ್‌ನ ಫೋನ್ ಬಡಿದುಕೊಂಡಿತು. ಸಿಡ್ನಿಯಿಂದ ಕಾರ್ಯದರ್ಶಿ. ಭುವನ್ ಪತ್ತೆಯಾದದ್ದನ್ನು ಹೇಳಿದ. ಆ ಕಡೆ ಯಾರನ್ನೋ ಕೇಳಿ ಬಂದು ಕಾರ್ಯದರ್ಶಿ ಹೇಳಿದ್ದು ಇಷ್ಟು: ಆಕೆ ಗೌನು ಮರಳಿಸಿ ಕ್ಷಮೆ ಕೇಳಲಿ, ಸಿಡ್ನಿಗೆ ಬಂದು ಮಂತ್ರಿಗಳ ಜೊತೆ ಫೋಟೊಗೆ ನಿಲ್ಲಲಿ, ದೂರು ವಾಪಸ್. ಭುವನ್ ಅದನ್ನು ಇಡಾ ಅವರಿಗೆ ತಿಳಿಸಿದ.

"ಮಮ್ಮಿ, ಪ್ಲೀಸ್," ರೋಶೆಲ್ ಅವರ ಮೊಣಕಾಲ ಬಳಿ ಕೂತಳು. "ಇಲ್ಲೇ ನೆಲೆಸಲು ಪಿಆರ್ ಇನ್ನೂ ಬಂದಿಲ್ಲ. ಕೇಸಾದರೆ ಇಲ್ಲಿಂದಲೂ ಕಳಿಸ್ತಾರೆ. ಒಂದು ಸಲ ಸಾರಿ ಅಂದ್ಬಿಡಿ."

"ಕಳಿಸಲಿ. ಒಂದು ದೇಶದಿಂದ ಹೊರಟು ಅಭ್ಯಾಸ ಉಂಟು ನನಗೆ." ಇಡಾ ಮಗಳ ತಲೆ ಸವರಿದರು. "ಆ ಫೋಟೊದಲ್ಲಿ ನಾನು ನಕ್ಕರೆ ನಿನ್ನ ಪಪ್ಪನನ್ನು ಕಳಿಸಿದ್ದು ಸರಿ ಅಂತ ಆಗ್ತದೆ. ಆಗುವುದಿಲ್ಲ ಅಂತ ಹೇಳು ಭುವನ್."

ಭುವನ್ ಫೋನಿನಲ್ಲಿ ಹಾಗೆಯೇ ಹೇಳಿದ. ಆಮೇಲೆ ಕೇಳಿದ, "ಗೌನು ಎಲ್ಲಿ?"

ಅವರು ಮಡಿಲಿನ ಬಟ್ಟೆ ಎತ್ತಿ ಮೇಜಿನ ಮೇಲಿಟ್ಟರು. ತೋಳು ಬೇರೆ, ಬೆನ್ನು ಬೇರೆ, ಕಾಲರ್ ಬೇರೆ. ಎಲ್ಲೂ ಕತ್ತರಿ ತಾಗಿರಲಿಲ್ಲ. ಹೊಲಿಗೆಯನ್ನಷ್ಟೇ ಬಿಚ್ಚಿ, ಪ್ರತಿ ತುಂಡನ್ನೂ ಇಸ್ತ್ರಿ ಮಾಡಿ ಮಡಚಿದ್ದರು.

"ಬಟ್ಟೆ ಅವನದು, ಕೊಂಡುಹೋಗಿ. ಹೊಲಿಗೆ ನನ್ನದು. ನಾನದನ್ನು ವಕೀಲನಿಗೆ ಹೊಲಿದದ್ದು, ಮಂತ್ರಿಗಲ್ಲ."

ಮಧ್ಯಾಹ್ನ ಎರಡಕ್ಕೆ ಕಳವು ಮತ್ತು ಸೊತ್ತು ಹಾನಿಯ ಆರೋಪದ ಮೇಲೆ ಇಡಾ ಅವರನ್ನು ಬಂಧಿಸಲಾಯಿತು. ಅವರೇ ಚಪ್ಪಲಿ ಹಾಕಿಕೊಂಡು ಮುಂದೆ ನಡೆದರು. ಮೆಗನ್ ಕಾರಿನ ಬಾಗಿಲು ಹಿಡಿದಳು.

"ನೀನೂ ಹಿಡಿಯುತ್ತೀಯಾ," ಎಂದರು ಇಡಾ ಇಂಗ್ಲಿಷಿನಲ್ಲಿ, "ಈ ಸಲ ಕೈಯಲ್ಲಿ ಏನೂ ಇಲ್ಲವಲ್ಲ."

ದಾರಿಯಲ್ಲಿ ಭುವನ್ ಕೇಳಿದ್ದು ಒಂದೇ ಪ್ರಶ್ನೆ. "ತೆನೆ ಯಾಕೆ ಬಿಟ್ಟಿರಿ ಆಂಟಿ? ಅದಿಲ್ಲದಿದ್ದರೆ ನಾವು ಬರುತ್ತಿರಲಿಲ್ಲ."

"ನಿನ್ನೆಯಲ್ಲ ಮೊನ್ನೆ ಹಬ್ಬ ಅಲ್ಲವಾ. ಮನೆಯಲ್ಲಿಲ್ಲದವರ ಪಾಲು ಮುಟ್ಟಿಸಬೇಕು. ಅವನೂ ಒಂದು ವರ್ಷ ನಮ್ಮಲ್ಲಿ ಉಂಡವ."

ಠಾಣೆಯಲ್ಲಿ ಭುವನ್ ವಶಪಡಿಸಿಕೊಂಡ ವಸ್ತುಗಳನ್ನು ಬರೆದ: ಕಪ್ಪು ಬಟ್ಟೆಯ ತುಂಡುಗಳು, ಒಂದು ಭತ್ತದ ತೆನೆ. ಇಡಾ ಬೆರಳಿಗೆ ಸುತ್ತಿಕೊಂಡಿದ್ದ ಕರಿ ದಾರವನ್ನು ಅವನು ನೋಡಿದ. ಬರೆಯಲಿಲ್ಲ.

ಗುರುವಾರ ಸಿಡ್ನಿಯಲ್ಲಿ ಮಂತ್ರಿಗಳು ಭಾಷಣ ಮಾಡಿದರು. ಪಕ್ಕದಲ್ಲಿ ಮರದ ಸ್ಟ್ಯಾಂಡ್ ಇರಲಿಲ್ಲ.